ಹದಿನಾರನೆಯ ದಿನದ ಮಾತ್ರೆ

ಮೂರು ವರ್ಷದ ಹಿಂದೆ, ಶ್ರಾವಣದ ಜಿಟಿಜಿಟಿ ಮಳೆಯ ಒಂದು ಬೆಳಗ್ಗೆ, ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಕಾಕಾನಿಗೆ ಎದೆನೋವು ಬಂತು. ಗೋವಿನಜೋಳಕ್ಕೆ ಎಡೆ ಹೊಡೆಯಲು ಹೊರಟವರು ಹೊಲದ ಬದುವಿನ ಮೇಲೆ ಕೂತುಬಿಟ್ಟರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಡಾಕ್ಟರು ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಲು ಹೇಳಿದರು. ನಾವು ಎರಡು ತಾಸಿನ ದಾರಿ ಹೋಗಿ, ಸರ್ಕಾರಿ ಯೋಜನೆಯ ಪಟ್ಟಿಯಲ್ಲಿರುವ ಒಂದು ಖಾಸಗಿ ಆಸ್ಪತ್ರೆ ಮುಟ್ಟಿದೆವು. ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ: "ಸ್ಕೀಮ್ ಪೇಷಂಟೋ, ಕ್ಯಾಶೋ?" ನಾನು ಕಾರ್ಡು ಮುಂದಿಟ್ಟೆ. "ರೆಫರಲ್ ಲೆಟರ್ ಎಲ್ಲಿ?" ತಾಲ್ಲೂಕು ಆಸ್ಪತ್ರೆಯ ಗಡಿಬಿಡಿಯಲ್ಲಿ ಅದನ್ನು ಕೇಳಬೇಕೆಂದು ನಮಗೆ ಹೊಳೆದಿರಲಿಲ್ಲ, ಅವರಿಗೆ ಕೊಡಬೇಕೆಂದೂ ಹೊಳೆದಿರಲಿಲ್ಲ. "ಎಮರ್ಜೆನ್ಸಿ ಆದರೆ ಲೆಟರ್ ಬೇಡ ಸರ್. ಆದರೆ ಇವರು ಈಗ ಸ್ಟೇಬಲ್ ಇದಾರೆ." ಗಾಲಿಕುರ್ಚಿಯಲ್ಲಿದ್ದ ಕಾಕಾ ನನ್ನ ಅಂಗಿಯ ತುದಿ ಹಿಡಿದು ಕೇಳಿದರು: "ತಮ್ಮಾ, ಕಾರ್ಡ್ ಐತೆಲ್ಲ, ಮತ್ಯಾಕ ರೊಕ್ಕ ಕೇಳಾಕತ್ಯಾರ?"

ಆ ಪ್ರಶ್ನೆಗೆ ಆವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬರು ಕಾಕಾನ ಜೊತೆ ಕೂತರು, ಇನ್ನೊಬ್ಬರು ಪತ್ರಕ್ಕಾಗಿ ವಾಪಸು ಓಡಿದರು. ಸಹಿ ಮಾಡಬೇಕಾದ ವೈದ್ಯರು ರಜೆಯಲ್ಲಿದ್ದರು. ಪತ್ರ ಬಂದದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಹೊರಗಿನ ಪರೀಕ್ಷೆ, ಇಂಜೆಕ್ಷನ್ ಎಂದು ಹದಿನೆಂಟು ಸಾವಿರ ರೂಪಾಯಿ ಕೈಬಿಟ್ಟಿತ್ತು. ಆಮೇಲೆ ಅಪ್ರೂವಲ್ ಬಂತು, ಸ್ಟೆಂಟ್ ಕೂರಿಸಿದರು, ಕಾಕಾ ಉಳಿದರು. ಅವರ ಜೀವ ಉಳಿಸಿದ್ದು ಅದೇ ಕಾರ್ಡು. ಅವರನ್ನು ಒಂದೂವರೆ ದಿನ ಕಾಯಿಸಿದ್ದೂ ಅದೇ ಕಾರ್ಡು. ಕರ್ನಾಟಕದ ಸರ್ಕಾರಿ ಆರೋಗ್ಯ ವಿಮೆಯ ಎರಡು ದಶಕದ ಕಥೆಯನ್ನು ನಾನು ಓದತೊಡಗಿದ್ದು ಈ ಎರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂದು ತಿಳಿಯಲಿಕ್ಕೆ.

ಮೂಲ ಪ್ರಶ್ನೆ ಹಳೆಯದು. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ತನ್ನ ವರದಿ ಕೊಟ್ಟಿತು. ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ತಳಹದಿ. ಅದಕ್ಕಾಗಿ ಅದು ಸೂಚಿಸಿದ್ದು ವಿಮೆಯನ್ನಲ್ಲ, ತೆರಿಗೆಯ ಹಣದಲ್ಲಿ ನಡೆಯುವ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಅದರ ಮೇಲಿನ ಆಸ್ಪತ್ರೆಗಳ ಸರಣಿಯನ್ನು. ನಂತರದ ದಶಕಗಳಲ್ಲಿ ದೇಶ ಎರಡು ದಾರಿ ಹಿಡಿಯಿತು. ಕಾರ್ಖಾನೆ ಕಾರ್ಮಿಕರಿಗೆ 1948ರ ಕಾಯ್ದೆಯ ಇಎಸ್‌ಐ ಬಂತು, ಕೇಂದ್ರ ನೌಕರರಿಗೆ 1954ರಲ್ಲಿ ಅವರದೇ ಯೋಜನೆ ಬಂತು. ಸಂಬಳದ ಚೀಟಿ ಇದ್ದವರಿಗೆ ವಿಮೆ ಸಿಕ್ಕಿತು. ರೈತ, ಕೂಲಿಕಾರ, ನೇಕಾರ, ಬೀದಿ ವ್ಯಾಪಾರಿಗೆ ಭೋರ್ ಹೇಳಿದ ಸರ್ಕಾರಿ ದವಾಖಾನೆ ಮಾತ್ರ ಉಳಿಯಿತು, ಅದೂ ಅರ್ಧಂಬರ್ಧ ಕಟ್ಟಿದ್ದು.

ಆ ಕೊರತೆಗೆ ಕರ್ನಾಟಕ ಕೊಟ್ಟ ಮೊದಲ ದೊಡ್ಡ ಉತ್ತರ ಯಶಸ್ವಿನಿ. 2002ರ ಕೊನೆಗೆ ಉದ್ಘಾಟನೆಯಾಗಿ, 2003ರ ಜೂನ್‌ನಲ್ಲಿ ಚಿಕಿತ್ಸೆ ಆರಂಭಿಸಿದ ಈ ಯೋಜನೆಯ ಹಿಂದೆ ಹೃದಯ ತಜ್ಞ ಡಾ. ದೇವಿ ಶೆಟ್ಟಿ ಇದ್ದರು, ರಾಜ್ಯದ ಸಹಕಾರ ಇಲಾಖೆ ಇತ್ತು. ಯೋಚನೆ ಸರಳವಾಗಿತ್ತು. ಪಟ್ಟಣದ ಖಾಸಗಿ ಆಸ್ಪತ್ರೆಗಳ ಆಪರೇಷನ್ ಥಿಯೇಟರುಗಳು ದಿನದ ಎಷ್ಟೋ ಹೊತ್ತು ಖಾಲಿ ಇರುತ್ತವೆ. ಹಳ್ಳಿಯಲ್ಲಿ ಆಪರೇಷನ್ ಬೇಕಾದವರು ಹಣವಿಲ್ಲದೆ ಮನೆಯಲ್ಲೇ ಇರುತ್ತಾರೆ. ಇಬ್ಬರ ನಡುವೆ ಹಾಲಿನ ಡೇರಿ, ಪತ್ತಿನ ಸೊಸೈಟಿ ಇವೆ. ಸದಸ್ಯನ ವಂತಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಎಷ್ಟೋ ಕಡೆ ಸೊಸೈಟಿಯವರು ಹಾಲಿನ ಬಟವಾಡೆಯಲ್ಲೇ ಅದನ್ನು ಮುರಿದುಕೊಳ್ಳುತ್ತಿದ್ದರು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ವಿಮಾ ಕಂಪನಿಯ ಮರ್ಜಿಗೆ ಬೀಳದೆ ಯಶಸ್ವಿನಿಯ ಟ್ರಸ್ಟ್ ತಾನೇ ಹಣ ಕೂಡಿಹಾಕಿ ಆಸ್ಪತ್ರೆಗೆ ಕೊಡುತ್ತಿತ್ತು, ಸರ್ಕಾರ ತನ್ನ ಪಾಲು ಸೇರಿಸುತ್ತಿತ್ತು.

ನನಗೆ ಯಶಸ್ವಿನಿಯಲ್ಲಿ ಇಂದಿಗೂ ದೊಡ್ಡದಾಗಿ ಕಾಣುವುದು ಹಣದ ಲೆಕ್ಕಕ್ಕಿಂತ ಆ ಸೊಸೈಟಿಯ ಕಾರ್ಯದರ್ಶಿ. ಅವನು ಊರಿನವನು. ಯಾರ ಮನೆಯಲ್ಲಿ ಯಾರಿಗೆ ಹರ್ನಿಯಾ, ಯಾರಿಗೆ ಕಿಡ್ನಿ ಕಲ್ಲು ಎಂದು ಗೊತ್ತಿದ್ದವನು. ಕಾರ್ಡು ಎಲ್ಲಿದೆ, ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ, ಯಾರಿಗೆ ಫೋನು ಮಾಡಬೇಕು ಎಂದು ಹೇಳುತ್ತಿದ್ದವನು. ಯೋಜನೆಗೆ ಊರಿನಲ್ಲಿ ಒಂದು ಮುಖವಿತ್ತು. ಅದಕ್ಕೆ ಮಿತಿಗಳೂ ಇದ್ದವು. ಅದು ಹೆಚ್ಚುಕಡಿಮೆ ಆಪರೇಷನ್‌ಗೆ ಮಾತ್ರ. ಜ್ವರ, ಟಿಬಿ, ಸಕ್ಕರೆ ಕಾಯಿಲೆಯ ಮಾತ್ರೆ ಅದರ ಹೊರಗೆ. ಸಹಕಾರ ಸಂಘದ ಸದಸ್ಯನಲ್ಲದ ಭೂಮಿಯಿಲ್ಲದ ಕೂಲಿಯವನು ಕೂಡ ಹೊರಗೆ. ವಂತಿಗೆ ವರ್ಷಕ್ಕೆ 120 ರೂಪಾಯಿಗೆ ಏರಿದಾಗ ಸದಸ್ಯರ ಸಂಖ್ಯೆ ಕುಸಿಯಿತು. 60 ರೂಪಾಯಿಯ ವ್ಯತ್ಯಾಸಕ್ಕೆ ಜನ ಬಿಟ್ಟುಹೋಗುತ್ತಾರೆ ಎಂಬ ಪಾಠ ಆಗಲೇ ಸಿಕ್ಕಿತ್ತು: ಬಡವರಿಂದ ಕಂತು ಕಟ್ಟಿಸಿಕೊಂಡು ನಡೆಸುವ ವಿಮೆ ಎಲ್ಲರನ್ನೂ ಒಳಗೆ ತರಲಾರದು.

ಅದೇ ಹೊತ್ತಿಗೆ ಇನ್ನೊಂದು ಸಣ್ಣ ಪ್ರಯೋಗ ನಡೆದಿತ್ತು. ಅದನ್ನು ನೆನೆಯುವವರು ಈಗ ಕಡಿಮೆ. ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರಲ್ಲಿ ಟಿ. ನರಸೀಪುರ ಮತ್ತು ಬೈಲಹೊಂಗಲ ತಾಲ್ಲೂಕುಗಳಲ್ಲಿ ಬಡವರಿಗಾಗಿ ವಿಮೆ ಆರಂಭಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾದರೆ ದಿನಕ್ಕೆ 50 ರೂಪಾಯಿ ಔಷಧಿಗೆ, ಇನ್ನೊಂದು 50 ರೂಪಾಯಿ ರೋಗಿಯ ಕೈಗೆ, ಕಳೆದುಕೊಂಡ ಕೂಲಿಗಾಗಿ. ಕೂಲಿಕಾರ ಹಾಸಿಗೆ ಹಿಡಿದ ದಿನ ಮನೆಯ ಒಲೆಯೂ ಉರಿಯುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಆರೋಗ್ಯ ಯೋಜನೆ ನಮ್ಮಲ್ಲಿ ಬಲು ಅಪರೂಪ. ಇಂದು 5 ಲಕ್ಷದ ಕಾರ್ಡು ಕೊಡುವ ಸರ್ಕಾರಗಳಿಗೆ ಆ 50 ರೂಪಾಯಿ ಯಾಕೆ ಕಾಣುವುದಿಲ್ಲ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಕಾಕಾ ಆಸ್ಪತ್ರೆಯಲ್ಲಿದ್ದ ವಾರದಲ್ಲಿ ಕಾಕು ಕೂಲಿಗೆ ಹೋಗಲಿಲ್ಲ, ಮಗ ಗ್ಯಾರೇಜಿಗೆ ಹೋಗಲಿಲ್ಲ; ಆ ನಷ್ಟಕ್ಕೆ ಯಾವ ಪ್ಯಾಕೇಜಿನಲ್ಲೂ ಹೆಸರಿಲ್ಲ.

ಇನ್ನು 2010. ಆ ಫೆಬ್ರವರಿಯಲ್ಲಿ ಅಂದಿನ ಗುಲ್ಬರ್ಗ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ನೆರೆಯ ಆಂಧ್ರದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ 2007ರಲ್ಲಿ ತಂದ ಆರೋಗ್ಯಶ್ರೀ ಅದರ ಮಾದರಿ. ಬಿಪಿಎಲ್ ಕಾರ್ಡು ಇದ್ದರೆ ಸಾಕು; ನೋಂದಣಿ ಇಲ್ಲ, ವಂತಿಗೆ ಇಲ್ಲ. ಹೃದಯ, ಕ್ಯಾನ್ಸರ್, ಮೆದುಳು, ಸುಟ್ಟಗಾಯ, ನವಜಾತ ಶಿಶುವಿನ ಕಾಯಿಲೆಗಳಂಥ ದೊಡ್ಡ ಚಿಕಿತ್ಸೆಗೆ ಕುಟುಂಬಕ್ಕೆ 1.5 ಲಕ್ಷ, ಬೇಕಾದರೆ ಮತ್ತೆ 50 ಸಾವಿರ. ನಡೆಸಿದ್ದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಾವೆಲ್ಲ ರೂಢಿಯಿಂದ ವಿಮೆ ಎನ್ನುತ್ತೇವೆ, ಆದರೆ ಇಲ್ಲಿ ವಿಮಾ ಕಂಪನಿಯೇ ಇರಲಿಲ್ಲ. ಸರ್ಕಾರದ ಹಣವನ್ನು ಸರ್ಕಾರದ ಟ್ರಸ್ಟು ನೇರವಾಗಿ ಆಸ್ಪತ್ರೆಗೆ ಕೊಡುವ ಏರ್ಪಾಡು ಅದು.

ಈ ಯೋಜನೆಯ ಬಗ್ಗೆ ನಮ್ಮ ಕೈಯಲ್ಲಿರುವ ಒಂದು ಸಾಕ್ಷ್ಯವನ್ನು ಇಡೀ ಚರ್ಚೆಯಲ್ಲಿ ಅತಿ ಮುಖ್ಯವೆಂದು ನಾನು ತಿಳಿಯುತ್ತೇನೆ. ಯೋಜನೆ ಮೊದಲು ಉತ್ತರದಲ್ಲಿ ಬಂತು, ದಕ್ಷಿಣಕ್ಕೆ ತಡವಾಗಿ ಹೋಯಿತು. ಹಾಗಾಗಿ ಒಂದಿಷ್ಟು ಕಾಲ ರಾಜ್ಯದ ನಡುವೆ ಒಂದು ಗೆರೆ ಎಳೆದಂತಾಗಿತ್ತು. ಗೆರೆಯ ಈಚೆಯ ಹಳ್ಳಿಗೆ ಯೋಜನೆ ಉಂಟು, ಆಚೆಯ ಹಳ್ಳಿಗೆ ಇಲ್ಲ. ಎರಡೂ ಕಡೆ ಅದೇ ಮಣ್ಣು, ಅದೇ ಬೆಳೆ, ಅದೇ ಬಡತನ. ಸಂಶೋಧಕ ನೀರಜ್ ಸೂದ್ ಮತ್ತು ಸಂಗಡಿಗರು ಆ ಗೆರೆಯ ಎರಡೂ ಬದಿಯ ಐದುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಸತ್ತವರ ಪ್ರಮಾಣ, ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ 0.32. ಯೋಜನೆ ಇಲ್ಲದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ 0.90. ಯೋಜನೆಗೆ ಅರ್ಹರಲ್ಲದ ಎಪಿಎಲ್ ಕುಟುಂಬಗಳಲ್ಲಿ ಎರಡು ಕಡೆಯ ನಡುವೆ ಹೇಳಿಕೊಳ್ಳುವ ಅಂತರವಿರಲಿಲ್ಲ. ಆಸ್ಪತ್ರೆಗೆ ಕೈಯಿಂದ ಹಾಕುವ ಖರ್ಚೂ ಮೂರನೇ ಒಂದು ಪಾಲಿನಷ್ಟು ತಗ್ಗಿತ್ತು.

ಮನೆಯವರ ಹೇಳಿಕೆಯ ಮೇಲೆ ನಿಂತ ಒಂದೇ ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು, ಇಷ್ಟು ದೊಡ್ಡ ಅಂತರ ಕಂಡಾಗ ಎಚ್ಚರಿಕೆಯೂ ಬೇಕು. ಆದರೂ ಸರ್ಕಾರಿ ಆರೋಗ್ಯ ವಿಮೆಯೆಂದರೆ ಖಾಸಗಿ ಆಸ್ಪತ್ರೆಗೆ ಹಣ ಸುರಿಯುವ ಕೊಳವೆ, ಅಷ್ಟೇ ಎಂದು ಹೇಳುವವರು ಈ ಅಂಕಿಗಳ ಮುಂದೆ ಒಂದು ಕ್ಷಣ ನಿಲ್ಲಲೇಬೇಕು. ಅಲ್ಲಿ ಉಳಿದವರು ಆ ಗೆರೆಯಂಚಿನ ಹಳ್ಳಿಗಳ ಬಡ ಜನ; ತಜ್ಞ ವೈದ್ಯರ ಮುಖವನ್ನೇ ಕಾಣದ ಊರುಗಳವರು.

ಹಾಗಾದರೆ ಆರೋಗ್ಯಶ್ರೀ ಯಾಕೆ ಫಲ ಕೊಟ್ಟಿತು? 1.5 ಲಕ್ಷ ರೂಪಾಯಿ ಉತ್ತರದ ಅರ್ಧ ಭಾಗ ಮಾತ್ರ. ಉಳಿದರ್ಧ ಹಳ್ಳಿಗಳಲ್ಲಿ ನಡೆದ ಆರೋಗ್ಯ ಶಿಬಿರಗಳು. ಪಟ್ಟಿಯಲ್ಲಿದ್ದ ಆಸ್ಪತ್ರೆಗಳು ತಜ್ಞರನ್ನು ಕರೆದುಕೊಂಡು ಹೋಬಳಿ, ತಾಲ್ಲೂಕು ಕೇಂದ್ರಗಳಿಗೆ ಬರುತ್ತಿದ್ದವು. ಪರೀಕ್ಷೆ ಅಲ್ಲೇ, ಯಾರಿಗೆ ಆಪರೇಷನ್ ಬೇಕೆಂಬ ನಿರ್ಧಾರ ಅಲ್ಲೇ, ಮುಂದೆ ಬೆಂಗಳೂರಿಗೋ ಹುಬ್ಬಳ್ಳಿಗೋ ಕಳಿಸುವ ವ್ಯವಸ್ಥೆಯೂ ಅಲ್ಲಿಂದಲೇ. ಆಸ್ಪತ್ರೆಯ ಬಾಗಿಲಲ್ಲಿ ಆರೋಗ್ಯ ಮಿತ್ರ ಎಂಬ ಹುದ್ದೆಯವರು ರೋಗಿಯನ್ನು ಎದುರುಗೊಳ್ಳುತ್ತಿದ್ದರು. ಯೋಜನೆ ರೋಗಿಯನ್ನು ಹುಡುಕಿಕೊಂಡು ಊರಿಗೆ ಹೋಗಿತ್ತು. ನಾನು ಓದಿದ್ದರಲ್ಲಿ, ಕಂಡದ್ದರಲ್ಲಿ ಮತ್ತೆ ಮತ್ತೆ ಸಿಕ್ಕ ವ್ಯತ್ಯಾಸ ಇದೇ: ಯೋಜನೆ ಊರಿಗೆ ಬಂದಲ್ಲಿ ಜೀವ ಉಳಿದಿದೆ, ರೋಗಿಯೇ ಕಾಗದ ಹಿಡಿದು ಬರಲಿ ಎಂದು ಅದು ಕಾದಲ್ಲಿ ಜನ ಸೋತಿದ್ದಾರೆ.

2018 ಬಂದಾಗ ಎಲ್ಲವೂ ಒಂದಾಯಿತು. ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಆರೋಗ್ಯ ಕರ್ನಾಟಕವನ್ನು ಆರಂಭಿಸಿ, ಯಶಸ್ವಿನಿ, ಆರೋಗ್ಯಶ್ರೀ, ಕೇಂದ್ರದ 30 ಸಾವಿರ ರೂಪಾಯಿಯ ಹಳೆಯ ಸ್ವಾಸ್ಥ್ಯ ಬಿಮಾ ಯೋಜನೆ ಮುಂತಾದವನ್ನು ಅದರೊಳಗೆ ಸೇರಿಸಿತು. ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಪ್ರಧಾನಿ ಆಯುಷ್ಮಾನ್ ಭಾರತ್ ಜನ ಆರೋಗ್ಯ ಯೋಜನೆಗೆ ಚಾಲನೆ ಕೊಟ್ಟರು: ದೇಶದ 10.74 ಕೋಟಿ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ. ಅಕ್ಟೋಬರ್ ಕೊನೆಗೆ ಎರಡೂ ಕೂಡಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವಾಯಿತು. ಬಿಪಿಎಲ್ ಕುಟುಂಬಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್‌ನವರಿಗೆ ಖರ್ಚಿನ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಒಟ್ಟು 1,650 ಚಿಕಿತ್ಸೆಗಳು. ಸರಳವಾದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಆಗದ್ದಕ್ಕೆ ಮಾತ್ರ ಪತ್ರ ಬರೆಸಿಕೊಂಡು ಖಾಸಗಿಗೆ ಹೋಗಬಹುದು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಪತ್ರ ಬೇಡ.

ನಮ್ಮನ್ನು ಒಂದೂವರೆ ದಿನ ಓಡಿಸಿದ ಆ ರೆಫರಲ್ ಪತ್ರದ ನಿಯಮವನ್ನು ನಾನು ಮೊದಲು ಶಪಿಸಿದೆ. ಅದು ಹುಟ್ಟಿದ್ದು ಹೇಗೆಂದು ಓದಿದ ಮೇಲೆ ಶಪಿಸಲು ಮನಸ್ಸಾಗಲಿಲ್ಲ. ಆಸ್ಪತ್ರೆಗೆ ಪ್ಯಾಕೇಜ್ ಲೆಕ್ಕದಲ್ಲಿ, ಅಂದರೆ ಒಂದೊಂದು ಚಿಕಿತ್ಸೆಗೆ ಇಂತಿಷ್ಟು ಎಂದು, ಹಣ ಸಿಕ್ಕಾಗ ಬೇಡದ ಆಪರೇಷನ್‌ಗಳು ಹೆಚ್ಚುವುದನ್ನು ದೇಶ ಕಂಡಿದೆ. ಹಳೆಯ ಸ್ವಾಸ್ಥ್ಯ ಬಿಮಾ ಇದ್ದಾಗ ಬಿಹಾರ, ಛತ್ತೀಸಗಡಗಳಲ್ಲಿ ಹೆಂಗಸರ ಗರ್ಭಕೋಶ ತೆಗೆದ ಪ್ರಕರಣಗಳು ಹೊರಬಂದವು. ನಮ್ಮ ಕಲಬುರಗಿಯಲ್ಲೂ ಲಂಬಾಣಿ ತಾಂಡಾ ಮತ್ತು ದಲಿತ ಕೇರಿಗಳ ಹೆಣ್ಣುಮಕ್ಕಳ ಗರ್ಭಕೋಶವನ್ನು, ಕೆಲವರದು ಇಪ್ಪತ್ತು ಮೂವತ್ತರ ವಯಸ್ಸಿನಲ್ಲೇ, ತೆಗೆದುಹಾಕಿದ್ದರ ವಿರುದ್ಧ ಮಹಿಳಾ ಸಂಘಟನೆಗಳು ಬೀದಿಗಿಳಿದವು. ಹೊಟ್ಟೆನೋವು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಮಾಡಿದ ಕೆಲಸ ಅದು. ನಡುವೆ ಒಬ್ಬ ಸರ್ಕಾರಿ ವೈದ್ಯರ ಕಣ್ಣು ಇರಲಿ ಎಂಬುದು ಆದ್ದರಿಂದ ನ್ಯಾಯವಾದ ಆಸೆ. ಆದರೆ ಆ ಕಣ್ಣು ಕೆಲಸ ಮಾಡಬೇಕಾದರೆ ಕುರ್ಚಿಯಲ್ಲಿ ವೈದ್ಯರಿರಬೇಕು. ತಜ್ಞರ ಹುದ್ದೆ ಖಾಲಿ ಇರುವ ತಾಲ್ಲೂಕಿನಲ್ಲಿ ರೆಫರಲ್ ಪತ್ರ ರೋಗಿಯ ರಕ್ಷಣೆಗೆ ಬಾರದೆ ಅವನ ದಾರಿಗೆ ಅಡ್ಡ ಬೀಳುತ್ತದೆ. "ಸ್ಟೇಬಲ್" ಎಂಬ ಒಂದು ಪದ ಹೇಳಿ ತುರ್ತನ್ನು ತುರ್ತಲ್ಲ ಎಂದುಬಿಡುವ ಅಧಿಕಾರ ಕೌಂಟರಿನವರ ಕೈಗೆ ಹೋಗುತ್ತದೆ.

ಯಶಸ್ವಿನಿಯನ್ನು ವಿಲೀನ ಮಾಡಿದ್ದಕ್ಕೆ ಸಹಕಾರಿಗಳು ಸುಮ್ಮನಿರಲಿಲ್ಲ. ಪತ್ರವಿಲ್ಲದೆ ನೇರವಾಗಿ ಆಸ್ಪತ್ರೆಗೆ ಹೋಗುವ ಅನುಕೂಲ ತಪ್ಪಿತು, ಎಪಿಎಲ್ ಕಾರ್ಡಿನ ಸಣ್ಣ ರೈತ ಶೇ 70ರಷ್ಟು ಖರ್ಚನ್ನು ತಾನೇ ಹೊರಬೇಕಾಯಿತು ಎಂಬುದು ಅವರ ಅಳಲು. ಕೊನೆಗೆ 2022ರ ಬಜೆಟ್‌ನಲ್ಲಿ ಬೊಮ್ಮಾಯಿ ಸರ್ಕಾರ 300 ಕೋಟಿ ಇಟ್ಟು ಯಶಸ್ವಿನಿಯನ್ನು ಮರಳಿ ತಂದಿತು. 2023ರ ಜನವರಿಯಿಂದ ಚಿಕಿತ್ಸೆ ಸಿಗತೊಡಗಿತು: ಗ್ರಾಮೀಣ ಭಾಗದಲ್ಲಿ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000. ಈಗ ಒಂದೇ ಮನೆಯಲ್ಲಿ ಎರಡು ಕಾರ್ಡು, ಎರಡು ನಿಯಮ, ಎರಡು ಆಸ್ಪತ್ರೆ ಪಟ್ಟಿ. ಎದೆನೋವು ಬಂದ ರಾತ್ರಿ ಯಾವುದನ್ನು ಹುಡುಕಬೇಕು?

ರೇಷನ್ ಕಾರ್ಡಿಗೆ ಆರೋಗ್ಯವನ್ನು ಕಟ್ಟಿಹಾಕಿದ್ದು ಇನ್ನೊಂದು ಗಾಯ. 2024ರ ನವೆಂಬರ್‌ನಲ್ಲಿ ಅನರ್ಹರನ್ನು ತೆಗೆಯುವ ಹೆಸರಿನಲ್ಲಿ ಸಾವಿರಾರು ಬಿಪಿಎಲ್ ಕಾರ್ಡುಗಳು ಎಪಿಎಲ್ ಆದವು; ಗದ್ದಲವೆದ್ದ ಮೇಲೆ ಅರ್ಹರದನ್ನು ಸರ್ಕಾರ ಹಿಂದಿರುಗಿಸಿತು. ಚರ್ಚೆಯೆಲ್ಲ ಅಕ್ಕಿಯ ಸುತ್ತ ನಡೆಯಿತು. ಅದೇ ಕಾರ್ಡು ಡಯಾಲಿಸಿಸ್‌ಗೂ ಕೀಮೋಥೆರಪಿಗೂ ಬೀಗದ ಕೈ ಎಂಬುದು ಹೆಚ್ಚು ಕೇಳಿಸಲಿಲ್ಲ. ಕಾರ್ಡಿನ ಬಣ್ಣ ಬದಲಾದ ಒಂದೇ ದಿನದಲ್ಲಿ ಪೂರ್ತಿ ಉಚಿತದಿಂದ ಶೇ 30ಕ್ಕೆ ಇಳಿಯುವ ಕುಟುಂಬ, ಚಿಕಿತ್ಸೆಯ ನಡುವೆಯೇ ಇರಬಹುದು. ಮಗನಿಗೆ ಸಣ್ಣ ಕೆಲಸ ಸಿಕ್ಕಿತೆಂದು ತಾಯಿಯ ಕ್ಯಾನ್ಸರ್ ಕಡಿಮೆಯಾಗುವುದಿಲ್ಲ. 2024ರ ಅಕ್ಟೋಬರ್ ಕೊನೆಗೆ ಕೇಂದ್ರ ಸರ್ಕಾರ 70 ವರ್ಷ ದಾಟಿದ ಎಲ್ಲರನ್ನೂ, ಆದಾಯ ನೋಡದೆ, ಆಯುಷ್ಮಾನ್ ಒಳಗೆ ತಂದಿತು. ಬಡವರು ಯಾರು ಎಂದು ಸೋಸುವ ಕೆಲಸವನ್ನೇ ಬಿಟ್ಟು ಎಲ್ಲರಿಗೂ ಕೊಡುವ ಆ ತತ್ವ ಸರಿ ಎಂದು ನನಗನ್ನಿಸುತ್ತದೆ. ಅದು 70ಕ್ಕೆ ಯಾಕೆ ಶುರುವಾಗಬೇಕು ಎಂಬುದಷ್ಟೇ ತಕರಾರು. ಹಣ ಯಾರು ಹೊರಬೇಕೆಂಬ ಜಗಳ ಬೇರೆ ಇದೆ. ವೆಚ್ಚ ಕೇಂದ್ರಕ್ಕೆ 60, ರಾಜ್ಯಕ್ಕೆ 40 ಎಂಬುದು ನಿಯಮ. ಆದರೆ 2011ರ ಸಾಮಾಜಿಕ-ಆರ್ಥಿಕ ಗಣತಿಯ ಪ್ರಕಾರ ಕೇಂದ್ರ ಲೆಕ್ಕಕ್ಕೆ ಹಿಡಿಯುವುದು ಕರ್ನಾಟಕದ ಸುಮಾರು 62 ಲಕ್ಷ ಕುಟುಂಬಗಳನ್ನು; ರಾಜ್ಯ ಯೋಜನೆಯೊಳಗೆ ಇಟ್ಟುಕೊಂಡಿರುವುದು ಒಂದು ಕೋಟಿಗೂ ಹೆಚ್ಚು. ಹೆಸರು ಜೋಡಿಸುವುದರಲ್ಲಿ ಎರಡೂ ಸರ್ಕಾರಗಳು ಮುಂದು, ಬಾಕಿ ತೀರಿಸುವಾಗ ಇಬ್ಬರೂ ಒಬ್ಬರತ್ತ ಒಬ್ಬರು ಕೈ ತೋರಿಸುತ್ತಾರೆ.

ಆ ಬಾಕಿಯಿಂದಲೇ ಖಾಸಗಿ ಆಸ್ಪತ್ರೆಗಳ ಸಿಟ್ಟು ಶುರು. ಪ್ಯಾಕೇಜ್ ದರ ನಿಜವಾದ ಖರ್ಚಿಗೆ ಸಾಲದು, ಬಿಲ್ಲು ತಿಂಗಳುಗಟ್ಟಲೆ ಬರುವುದಿಲ್ಲ ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಪಂಜಾಬ್, ಹರಿಯಾಣಗಳಲ್ಲಿ ಇದೇ ಕಾರಣಕ್ಕೆ ಆಸ್ಪತ್ರೆಗಳು ಯೋಜನೆಯ ಚಿಕಿತ್ಸೆ ನಿಲ್ಲಿಸುವವರೆಗೂ ಹೋದವು. ಜಿಲ್ಲಾ ಕೇಂದ್ರದ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿಗೆ ಆರು ತಿಂಗಳ ಬಾಕಿ ಎಂದರೆ ನರ್ಸುಗಳ ಸಂಬಳಕ್ಕೇ ಕುತ್ತು. ಅವರ ಮಾತನ್ನು ತಳ್ಳಿಹಾಕಲಾಗದು. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯ ಮಾತು ಬೇರೆ. "ಬೆಡ್ ಇಲ್ಲ" ಎಂಬ ಉತ್ತರ ಅಲ್ಲಿ ಸ್ಕೀಮಿನವರಿಗೆ ಮಾತ್ರ ಸಿಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದರದ ಪ್ರಶ್ನೆಯನ್ನು ರಾಜ್ಯದಲ್ಲಿ ನೇರವಾಗಿ ಎತ್ತಿದ ದೊಡ್ಡ ಪ್ರಯತ್ನ 2017ರದು. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ವರದಿಯ ನಂತರ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದರು. ಚಿಕಿತ್ಸೆಗೆ ದರ ನಿಗದಿ, ರೋಗಿಯ ಹಕ್ಕುಪಟ್ಟಿ, ಜಿಲ್ಲಾ ಮಟ್ಟದಲ್ಲಿ ದೂರು ಪ್ರಾಧಿಕಾರ ಅದರಲ್ಲಿದ್ದವು. ಆ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದ ಖಾಸಗಿ ವೈದ್ಯರು ಹೊರರೋಗಿ ವಿಭಾಗ ಮುಚ್ಚಿದರು, ಚಿಕಿತ್ಸೆ ಸಿಗದೆ ಜನ ಕಂಗಾಲಾದರು. ಮಸೂದೆ ಮೆದುವಾಗಿ ಅಂಗೀಕಾರವಾಯಿತು. ಮೂಲ ಮಸೂದೆಯಲ್ಲಿದ್ದ, ವೈದ್ಯರನ್ನು ಜೈಲಿಗೆ ಕಳಿಸುವ ಅಂಶದ ಬಗ್ಗೆ ಅವರಿಗಿದ್ದ ಭಯ ನನಗೆ ಅರ್ಥವಾಗುತ್ತದೆ. ಆದರೆ ದರದ ಮಾತು ಅಂದು ಬಿದ್ದದ್ದು ಈವರೆಗೂ ಮೇಲೇಳಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರದ ಔಷಧ ದರ ಪ್ರಾಧಿಕಾರ ಹೃದಯದ ಸ್ಟೆಂಟ್‌ಗೆ ಗರಿಷ್ಠ ಬೆಲೆ ಕಟ್ಟಿತ್ತು. ಒಂದು ಲಕ್ಷ ಮೀರುತ್ತಿದ್ದ ಔಷಧಲೇಪಿತ ಸ್ಟೆಂಟ್ ಸುಮಾರು 30 ಸಾವಿರಕ್ಕೆ ಇಳಿಯಿತು. ಕಾರ್ಡು ಇದ್ದವರಿಗೂ ಇಲ್ಲದವರಿಗೂ ಒಂದೇ ಆದೇಶದಲ್ಲಿ ಸಿಕ್ಕ ಪರಿಹಾರ ಅದು.

ಮೋಸದ ಲೆಕ್ಕವನ್ನೂ ಮುಚ್ಚಿಡಬಾರದು. 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ಆಯುಷ್ಮಾನ್ ದಾಖಲೆಯಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳಿಗೆ ಒಂದೇ ಮೊಬೈಲ್ ಸಂಖ್ಯೆ, ಒಂಬತ್ತನ್ನು ಹತ್ತು ಸಲ ಬರೆದ ಸಂಖ್ಯೆ, ಜೋಡಣೆಯಾಗಿರುವುದನ್ನು ತೋರಿಸಿತು. ದಾಖಲೆಯಲ್ಲಿ ಮೊದಲೇ ತೀರಿಕೊಂಡಿದ್ದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಫೋನ್ ಸಂಖ್ಯೆ ಗುರುತಿಗೆ ಬಳಕೆಯಾಗುವುದಿಲ್ಲ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಇರಬಹುದು. ಆದರೆ ಚಿಕಿತ್ಸೆ ಮುಗಿದ ಮೇಲೆ "ನಿಮ್ಮಿಂದ ಯಾರಾದರೂ ಹಣ ತೆಗೆದುಕೊಂಡರೇ?" ಎಂದು ಕೇಳಲು ಒಂದು ನಿಜವಾದ ಫೋನ್ ಸಂಖ್ಯೆ ಬೇಕಲ್ಲ? ನಮಗೆ ಅಂಥ ಕರೆ ಬರಲಿಲ್ಲ. ಬಂದಿದ್ದರೆ ಹದಿನೆಂಟು ಸಾವಿರದ ಲೆಕ್ಕ ಹೇಳುತ್ತಿದ್ದೆ.

ಈ ಎಲ್ಲದರ ಕೆಳಗೆ ಒಂದು ದೊಡ್ಡ ವಾದ ಇದೆ. 2011ರಲ್ಲಿ ಡಾ. ಕೆ. ಶ್ರೀನಾಥ ರೆಡ್ಡಿ ಅಧ್ಯಕ್ಷತೆಯ ಉನ್ನತ ಮಟ್ಟದ ತಜ್ಞರ ಸಮಿತಿ ಯೋಜನಾ ಆಯೋಗಕ್ಕೆ ಸ್ಪಷ್ಟವಾಗಿ ಹೇಳಿತ್ತು: ವಿಮಾ ಕಂಪನಿಗಳನ್ನು ನಡುವೆ ತರಬೇಡಿ, ತೆರಿಗೆಯ ಹಣದಲ್ಲಿ ನಡೆಸಿ, ಖರ್ಚಿನ ಶೇ 70ರಷ್ಟನ್ನಾದರೂ ಪ್ರಾಥಮಿಕ ಆರೈಕೆಗೆ ಕೊಡಿ. ಎದುರು ವಾದಿಸುವವರೂ ದುರುದ್ದೇಶದವರಲ್ಲ. ತಜ್ಞರು, ಯಂತ್ರಗಳು, ಹಾಸಿಗೆಗಳ ಹೆಚ್ಚಿನ ಪಾಲು ಈಗಾಗಲೇ ಖಾಸಗಿಯಲ್ಲಿದೆ; ಸರ್ಕಾರಿ ಆಸ್ಪತ್ರೆ ಸುಧಾರಿಸಲು ಇಪ್ಪತ್ತು ವರ್ಷ ಬೇಕು; ಅಲ್ಲಿಯವರೆಗೆ ಇಂದಿನ ರೋಗಿ ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಕಾಕಾನನ್ನು ನೆನೆದಾಗ ಆ ಪ್ರಶ್ನೆಗೆ ನಾನು ತಲೆಬಾಗುತ್ತೇನೆ. ಆದರೆ 2003ರಿಂದ ಇಲ್ಲಿಯವರೆಗೆ ಇಪ್ಪತ್ತು ವರ್ಷ ಆಗಲೇ ಕಳೆದುಹೋಗಿದೆ.

ಸರ್ಕಾರಿ ಆಸ್ಪತ್ರೆ ಕಟ್ಟುವುದು, ಇಂದಿನ ರೋಗಿಯ ಖರ್ಚು ಹೊರುವುದು, ಈ ಎರಡನ್ನೂ ಥಾಯ್ಲೆಂಡ್ ಬೇರೆ ಬೇರೆ ಎಂದು ತಿಳಿಯಲಿಲ್ಲ. 2001ರಲ್ಲಿ ಅದು 30 ಬಾತ್‌ಗೆ ಎಲ್ಲರಿಗೂ ಚಿಕಿತ್ಸೆ ಎಂಬ ಯೋಜನೆ ತರುವ ಹೊತ್ತಿಗೆ, ದಶಕಗಳ ಕಾಲ ಹಳ್ಳಿಗಾಡಿನ ಆಸ್ಪತ್ರೆಗಳನ್ನು ಕಟ್ಟಿ, ಹೊಸ ವೈದ್ಯರನ್ನು ಕಡ್ಡಾಯವಾಗಿ ಅಲ್ಲಿಗೆ ಕಳಿಸಿತ್ತು. ಹಣ ಆ ಊರ ಆಸ್ಪತ್ರೆಗೇ ತಲೆಲೆಕ್ಕದಲ್ಲಿ ಹೋಗುತ್ತದೆ, ಹೊರರೋಗಿಯ ಔಷಧವೂ ಅದರಲ್ಲೇ ಸೇರಿದೆ. ನಮ್ಮಲ್ಲಿ 2017ರ ರಾಷ್ಟ್ರೀಯ ಆರೋಗ್ಯ ನೀತಿ, ಸರ್ಕಾರಗಳ ಆರೋಗ್ಯ ವೆಚ್ಚ 2025ರೊಳಗೆ ದೇಶದ ಉತ್ಪನ್ನದ ಶೇ 2.5 ಮುಟ್ಟಬೇಕೆಂದಿತು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಶೇ 1.84. ಜನ ಕೈಯಿಂದ ಹಾಕುವ ಪಾಲು 2013-14ರ ಶೇ 64.2ರಿಂದ ಶೇ 39.4ಕ್ಕೆ ಇಳಿದಿದೆ ಎಂದು ಅದೇ ಲೆಕ್ಕ ಹೇಳುತ್ತದೆ. ಅದು ನಿಜವಾದ ಸಮಾಧಾನ. ಉಳಿದ ಆ 39.4ರೊಳಗೆ ದೊಡ್ಡ ಭಾಗ ಔಷಧಿ ಅಂಗಡಿಯಲ್ಲಿ ಖರ್ಚಾಗುತ್ತದೆ. ನೆರೆಯ ತಮಿಳುನಾಡು 1990ರ ದಶಕದಲ್ಲೇ ಔಷಧ ಖರೀದಿಗೆ ಪ್ರತ್ಯೇಕ ನಿಗಮ ಕಟ್ಟಿ, ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಮಾತ್ರೆ ತಲುಪುವಂತೆ ಮಾಡಿತು. 5 ಲಕ್ಷದ ಕಾರ್ಡಿನಷ್ಟು ಸದ್ದು ಅದಕ್ಕಿಲ್ಲ, ಭಾವಚಿತ್ರ ಹಾಕಲು ಜಾಗವೂ ಇಲ್ಲ.

ನಮ್ಮಲ್ಲೂ ದಾರಿ ಇಲ್ಲದಿಲ್ಲ. ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದೇ, ಸ್ವಾಯತ್ತ ಆಡಳಿತದ್ದು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಬಡವರೂ ಉಳ್ಳವರೂ ಅಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಮೊದಲು ಚಿಕಿತ್ಸೆ, ಹಣದ ಮಾತು ಆಮೇಲೆ ಎಂಬುದನ್ನು ಡಾ. ಸಿ.ಎನ್. ಮಂಜುನಾಥ್ ಅವರ ಕಾಲದಲ್ಲಿ ಅದು ನಡೆದು ತೋರಿಸಿತು. ಈಚೆಗೆ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಆ ಕ್ಷಣವೇ ನೋಡುತ್ತಾರೆ, ಹೃದಯಾಘಾತವಾದರೆ ರಕ್ತ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಕಾರ್ಡಿನ ಬಣ್ಣ ಕೇಳುವುದಿಲ್ಲ. ಆರೋಗ್ಯಶ್ರೀಯ ಶಿಬಿರಗಳು ಮಾಡಿದ್ದನ್ನೇ ಇದು ಬೇರೆ ಬಗೆಯಲ್ಲಿ ಮಾಡುತ್ತಿದೆ, ತಜ್ಞರನ್ನು ಊರ ಹತ್ತಿರ ತರುತ್ತಿದೆ. ಸರ್ಕಾರಿ ಆಸ್ಪತ್ರೆ ಎಂದೊಡನೆ ಎಲ್ಲ ಸರಿಹೋಗುವುದಿಲ್ಲ ಎಂಬುದನ್ನು 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸಾವು ನಮಗೆ ನೆನಪಿಸಿತು; ಅಲ್ಲಿ ಕೊಟ್ಟ ದ್ರಾವಣದ ಗುಣಮಟ್ಟವೇ ತನಿಖೆಗೆ ಒಳಗಾಯಿತು. ಉಚಿತ ಎಂಬುದರ ಜೊತೆ ಒಳ್ಳೆಯದು ಎಂಬುದೂ ಬಡವರ ಹಕ್ಕು.

ಆಯುಷ್ಮಾನ್ ನಿಯಮದಂತೆ ಆಸ್ಪತ್ರೆಗೆ ಸೇರುವ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಖರ್ಚು ಪ್ಯಾಕೇಜಿನಲ್ಲೇ ಸೇರಿದೆ. ಕಾಕಾನಿಗೆ ಡಿಸ್ಚಾರ್ಜ್ ಆಗುವಾಗ 15 ದಿನದ ಮಾತ್ರೆ ಕೊಟ್ಟರು. ಚೀಟಿಯ ಕೆಳಗೆ, ರಕ್ತ ತೆಳುಗೊಳಿಸುವ ಗುಳಿಗೆಯನ್ನು ಒಂದು ದಿನವೂ ಬಿಡಬಾರದು ಎಂದು ಬರೆದಿತ್ತು. ಹದಿನಾರನೆಯ ದಿನದಿಂದ ತಿಂಗಳಿಗೆ ಸಾವಿರದ ಐದುನೂರು ರೂಪಾಯಿ ಔಷಧಿ ಅಂಗಡಿಗೆ. ಮೊದಲ ವರ್ಷ ಹೇಗೋ ನಡೆಯಿತು. ಕಳೆದ ಉಗಾದಿಗೆ ಊರಿಗೆ ಹೋದಾಗ ಮಾತ್ರೆಯ ಹಾಳೆ ನೋಡಿದೆ. ಇಪ್ಪತ್ತು ದಿನಕ್ಕೆ ಹತ್ತು ಗುಳಿಗೆ ಖಾಲಿಯಾಗಿದ್ದವು. ಕೇಳಿದ್ದಕ್ಕೆ ಕಾಕಾ ಸಮಾಧಾನವಾಗಿಯೇ ಹೇಳಿದರು: "ದಿನಾ ಬಿಟ್ಟು ದಿನಾ ತಗೋತೀನಿ ತಮ್ಮಾ. ಈಗ ಏನೂ ನೋವಿಲ್ಲಲ್ಲ."

ಮರುದಿನ ಇಬ್ಬರೂ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಬಿಪಿ, ಸಕ್ಕರೆ ಕಾಯಿಲೆಯ ವಿಭಾಗದಲ್ಲಿ ಒಬ್ಬ ನರ್ಸಮ್ಮ ಚೀಟಿ ಓದಿ, ನಾಲ್ಕರಲ್ಲಿ ಎರಡು ಮಾತ್ರೆಯನ್ನು ಒಂದು ತಿಂಗಳಿಗಾಗುವಷ್ಟು ಎಣಿಸಿ ಕೊಟ್ಟರು. ಉಳಿದ ಎರಡು ಸ್ಟಾಕ್ ಇಲ್ಲ, ಮುಂದಿನ ವಾರ ಕೇಳಿ ಎಂದರು. ಕಾಕಾನ ಹೆಸರು ಮತ್ತು ನನ್ನ ಫೋನ್ ನಂಬರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಬಂದರೆ ತಾವೇ ಫೋನು ಮಾಡುತ್ತೇನೆಂದರು. ಹತ್ತನೇ ದಿನ ಅವರ ಫೋನು ಬಂತು. ಒಂದು ಮಾತ್ರೆ ಬಂದಿದೆ, ಇನ್ನೊಂದು ಇನ್ನೂ ಇಲ್ಲ.